ಕಮಲಾ, ಕಾಂಗಲೂ ಮತ್ತು ಟ್ರಿನಿಡಾಡಿನ ಅಧ್ಯಕ್ಷರ ಕುರ್ಚಿ

ಓದುಗರ ಪ್ರಶ್ನೆ: ಸರ್, ನಾನು ದಾವಣಗೆರೆಯ ನಿವೃತ್ತ ಬ್ಯಾಂಕ್ ನೌಕರ. ಮಗ ಟ್ರಿನಿಡಾಡಿನ ಪಾಯಿಂಟ್ ಲೀಸಾಸ್‌ನಲ್ಲಿ ಅಮೋನಿಯಾ ಕಾರ್ಖಾನೆಯೊಂದರ ಎಂಜಿನಿಯರ್. ಸೊಸೆ, ಮೊಮ್ಮಗಳೂ ಅಲ್ಲೇ ಇದ್ದಾರೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿ ತುರ್ತು ಪರಿಸ್ಥಿತಿ ಬಂತು, 2025ರ ಜುಲೈನಲ್ಲಿ ಮತ್ತೆ ಬಂತು. ತುರ್ತು ಪರಿಸ್ಥಿತಿ ಎಂದರೆ ಅಧ್ಯಕ್ಷರ ಆಡಳಿತವೇ? ಮೋದಿಯವರು ಹೋದಾಗ ಇಬ್ಬರು ಮಹಿಳೆಯರ ಜೊತೆ ಫೋಟೊ ಬಂದಿತ್ತು: ಪ್ರಧಾನಿ ಕಮಲಾ, ಅಧ್ಯಕ್ಷೆ ಕಾಂಗಲೂ. ಇಬ್ಬರೂ ಬೇರೆ ಬೇರೆ ಪಕ್ಷದ ಹಿನ್ನೆಲೆಯವರಂತೆ, ಒಬ್ಬರನ್ನು ಇನ್ನೊಬ್ಬರು ತೆಗೆದುಹಾಕಬಹುದೇ? ಅಲ್ಲಿ ಇನ್ನೂ ಬ್ರಿಟನ್ ರಾಜನೇ ಮುಖ್ಯಸ್ಥ ಎನ್ನುತ್ತಾರೆ ನನ್ನ ಭಾವ. ವಾಟ್ಸ್ಆ್ಯಪ್‌ನಲ್ಲಿ ನೋಡಿದರೆ, ಒಂದು ಸಲ ಆಫ್ರಿಕನ್ ಮೂಲದವರು, ಒಂದು ಸಲ ಭಾರತೀಯ ಮೂಲದವರು ಅಧ್ಯಕ್ಷರಾಗುವ ಒಪ್ಪಂದವಿದೆ, 2028ರಲ್ಲಿ ಅದು ಮುರಿದು ಗಲಾಟೆಯಾಗುತ್ತದೆ ಅಂತ ಬಂದಿದೆ. ಅಧ್ಯಕ್ಷರು ಅವಧಿ ಮಧ್ಯೆ ಹೋಗಿಬಿಟ್ಟರೆ ಕುರ್ಚಿ ಯಾರಿಗೆ, ಪ್ರಧಾನಿಗೋ, ಸೇನೆಗೋ? ಮಗ ಅಷ್ಟರೊಳಗೆ ವಾಪಸ್ ಬರುವುದು ಒಳ್ಳೆಯದೇ?

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆ ಆರೇಳಿದ್ದರೂ ಅಳುಕು ಒಂದೇ. ಮೇಲಿನ ಕುರ್ಚಿ ಅಲುಗಾಡಿದರೆ ಕೆಳಗಿರುವ ನನ್ನವರಿಗೆ ಏನಾಗುತ್ತದೆ ಎಂಬುದು. ನಾನು ಬಹುಕಾಲ ತೌಲನಿಕ ಸಂವಿಧಾನದ ಪಾಠ ಮಾಡಿದವನು. ಕಾಮನ್‌ವೆಲ್ತ್ ದೇಶಗಳ ಅಧ್ಯಾಯ ಬಂದಾಗಲೆಲ್ಲ ಟ್ರಿನಿಡಾಡ್ ಮತ್ತು ಟೊಬ್ಯಾಗೊ ತರಗತಿಯನ್ನು ತಾಸುಗಟ್ಟಲೆ ಹಿಡಿದಿಟ್ಟಿದೆ. ಸುಮಾರು 14 ಲಕ್ಷ ಜನರ ಪುಟ್ಟ ದೇಶ ಅದು, ಆದರೆ ಅಲ್ಲಿ ಎದ್ದಿರುವ ಸಾಂವಿಧಾನಿಕ ತಕರಾರುಗಳು ಚಿಕ್ಕವಲ್ಲ.

ಮೊದಲು ನಿಮ್ಮ ಭಾವನವರ ಮಾತು. ಅದು 1976ರ ತನಕ ನಿಜವಾಗಿತ್ತು. 1962ರ ಆಗಸ್ಟ್ 31ರಂದು ದೇಶ ಸ್ವತಂತ್ರವಾದಾಗ ರಾಣಿ ಎರಡನೇ ಎಲಿಜಬೆತ್ ಮುಖ್ಯಸ್ಥೆಯಾಗಿಯೇ ಉಳಿದರು, ಅವರ ಪರವಾಗಿ ಗವರ್ನರ್ ಜನರಲ್ ಇದ್ದರು. ಆ ಹುದ್ದೆಯಲ್ಲಿ ಮೊದಲು ಕೂತವರು ಚೀನೀ ಮೂಲದ ಸಾಲೊಮನ್ ಹೊಚೊಯ್, ಆಮೇಲೆ ಎಲ್ಲಿಸ್ ಕ್ಲಾರ್ಕ್. 1976ರ ಆಗಸ್ಟ್ 1ರಂದು ದೇಶ ಗಣರಾಜ್ಯವಾಯಿತು, ಕ್ಲಾರ್ಕ್ ಅವರೇ ಮೊದಲ ಅಧ್ಯಕ್ಷರಾದರು. ಗಣರಾಜ್ಯೋತ್ಸವ ಮಾತ್ರ ಸೆಪ್ಟೆಂಬರ್ 24ಕ್ಕೆ, ಹೊಸ ವ್ಯವಸ್ಥೆಯ ಮೊದಲ ಸಂಸತ್ತು ಸೇರಿದ ದಿನಕ್ಕೆ. ಗೊಂದಲವಾಗುವುದು ಸಹಜ. ಜಮೈಕಾ, ಗ್ರೆನೆಡಾ, ಬಹಾಮಾಸ್‌ಗಳಿಗೆ ಈಗಲೂ ರಾಜ ಚಾರ್ಲ್ಸ್ ಅವರೇ ಮುಖ್ಯಸ್ಥರು, ಬಾರ್ಬಡೋಸ್ ಬಿಟ್ಟುಬಂದದ್ದೇ 2021ರ ನವೆಂಬರ್‌ನಲ್ಲಿ. ಸಾಲದ್ದಕ್ಕೆ ಟ್ರಿನಿಡಾಡಿನ ಕೊನೆಯ ಮೇಲ್ಮನವಿ ಇವತ್ತಿಗೂ ಹೋಗುವುದು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ. ರಾಜ ಹೋದ, ಅವನ ನ್ಯಾಯಪೀಠ ಉಳಿಯಿತು.

ಇನ್ನು ತುರ್ತು ಪರಿಸ್ಥಿತಿ. ನಮ್ಮಲ್ಲಿ ರಾಷ್ಟ್ರಪತಿ ಆಡಳಿತ ಎಂದರೆ ಚುನಾಯಿತ ರಾಜ್ಯ ಸರ್ಕಾರ ಮನೆಗೆ ಹೋಗಿ ರಾಜ್ಯಪಾಲರ ಕೈಗೆ ಅಧಿಕಾರ ಬರುವುದು. ಟ್ರಿನಿಡಾಡಿನಲ್ಲಿ ಹಾಗಲ್ಲ. ಘೋಷಣೆಗೆ ಸಹಿ ಅಧ್ಯಕ್ಷರದು, ತೀರ್ಮಾನ ಪ್ರಧಾನಿಯ ಸರ್ಕಾರದ್ದು. ಸರ್ಕಾರ ಕೂತಲ್ಲೇ ಇರುತ್ತದೆ, ಬದಲಾಗುವುದು ಪೊಲೀಸರ ಕೈಗೆ ಸಿಗುವ ಅಧಿಕಾರ. ವಾರಂಟ್ ಇಲ್ಲದೆ ಬಂಧಿಸಬಹುದು, ಶೋಧಿಸಬಹುದು. ಘೋಷಣೆಯ ಆಯುಷ್ಯ ಮೊದಲಿಗೆ 15 ದಿನ, ಮುಂದುವರಿಸಬೇಕಾದರೆ ಸಂಸತ್ತಿನ ಒಪ್ಪಿಗೆ ಬೇಕು. 2024ರ ಡಿಸೆಂಬರ್ 30ರ ಘೋಷಣೆಗೆ ಕಾರಣ ಗ್ಯಾಂಗ್ ಕೊಲೆಗಳು, ಅಧ್ಯಕ್ಷರ ಕುರ್ಚಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆಗ ಕರ್ಫ್ಯೂ ಕೂಡ ಹೇರಿರಲಿಲ್ಲ. ಕರ್ಫ್ಯೂ ಸಮೇತ ಬಂದದ್ದು 2011ರದು, ಆಮೇಲೆ ಕೋವಿಡ್ ಕಾಲದ 2021ರದು.

ಆ ಕೆಲವೇ ತಿಂಗಳಲ್ಲಿ ಮೇಲೆ ಏನೇನು ನಡೆಯಿತು ನೋಡಿ. ಪ್ರಧಾನಿ ಕೀತ್ ರೌಲಿ ಕೆಳಗಿಳಿದರು, 2025ರ ಮಾರ್ಚ್ 17ರಂದು ಸ್ಟುವರ್ಟ್ ಯಂಗ್ ಪ್ರಮಾಣ ಸ್ವೀಕರಿಸಿದರು, ಏಪ್ರಿಲ್ 28ರ ಚುನಾವಣೆಯಲ್ಲಿ ಅವರ ಪಿಎನ್‌ಎಂ ಪಕ್ಷ ಸೋತಿತು, ಮೇ 1ರಂದು ಎದುರಾಳಿ ಪಕ್ಷ ಯುಎನ್‌ಸಿಯ ಕಮಲಾ ಪರ್ಸಾದ್-ಬಿಸ್ಸೆಸ್ಸರ್ ಪ್ರಧಾನಿಯಾದರು. ಎರಡು ತಿಂಗಳೊಳಗೆ ಮೂವರು ಪ್ರಧಾನಿಗಳು, ಅಧ್ಯಕ್ಷೆ ಮಾತ್ರ ಒಬ್ಬರೇ, ಕ್ರಿಸ್ಟೀನ್ ಕಾಂಗಲೂ. ಯಂಗ್ ನೇಮಕವೇ ಸಂವಿಧಾನಬಾಹಿರ ಎಂದು ಅಂದು ಕೂಗಾಡಿದ್ದ ಕಮಲಾ ಅವರೇ ಕೆಲವು ವಾರಗಳ ಬಳಿಕ ಅದೇ ಅಧ್ಯಕ್ಷೆಯ ಎದುರು ಪ್ರಮಾಣ ತೆಗೆದುಕೊಂಡರು. ನಿಮ್ಮ ಮಗ ಆ ದಿನಗಳಲ್ಲಿ ಡ್ಯೂಟಿಗೆ ಹೋಗಿಯೇ ಇರಬೇಕು.

ಈಗ ಅಸಲು ಪ್ರಶ್ನೆ: ಅಧ್ಯಕ್ಷರು ಅವಧಿ ಮಧ್ಯೆ ಹೋದರೆ ಯಾರು?

ಆ ದೇಶಕ್ಕೆ ಉಪಾಧ್ಯಕ್ಷರಿಲ್ಲ. ಅಧ್ಯಕ್ಷರು ತೀರಿಕೊಂಡರೂ, ರಾಜೀನಾಮೆ ಕೊಟ್ಟರೂ, ಬರೀ ವಿದೇಶಕ್ಕೆ ಹೋದರೂ ಆ ಕೆಲಸ ನೋಡಿಕೊಳ್ಳುವವರು ಮೇಲ್ಮನೆಯಾದ ಸೆನೆಟ್‌ನ ಸಭಾಪತಿ. ಅವರಿಗೂ ಆಗದಿದ್ದರೆ ಕೆಳಮನೆಯ ಸ್ಪೀಕರ್, ಅವರ ನಂತರ ಸೆನೆಟ್‌ನ ಉಪಸಭಾಪತಿ. ಪ್ರಧಾನಿಯ ಹೆಸರು ಆ ಸಾಲಿನಲ್ಲೇ ಇಲ್ಲ, ಸೇನೆಯದಂತೂ ದೂರ. 1976ರಿಂದ ಕ್ಲಾರ್ಕ್, ನೂರ್ ಹಸನಾಲಿ, ರಾಬಿನ್ಸನ್, ಮ್ಯಾಕ್ಸ್ ರಿಚರ್ಡ್ಸ್, ಆಂಟನಿ ಕಾರ್ಮೋನಾ, ಪಾಲಾ-ಮೇ ವೀಕ್ಸ್, ಹೀಗೆ ಆರು ಮಂದಿ ಬಂದು ಹೋಗಿದ್ದಾರೆ. ಯಾರೂ ಹುದ್ದೆಯಲ್ಲಿದ್ದಾಗ ತೀರಿಕೊಂಡಿಲ್ಲ, ಯಾರನ್ನೂ ಕಿತ್ತುಹಾಕಿಲ್ಲ.

ಹಾಗಾದರೆ ಹಂಗಾಮಿ ಅಧ್ಯಕ್ಷರ ಕೆಲಸ ಬರೀ ಹಾರ ತುರಾಯಿಯದೇ? ಅಲ್ಲ ಎನ್ನುವುದಕ್ಕೆ 1990ರ ಜುಲೈ 27ರ ಸಂಜೆಯನ್ನು ಕೇಳಬೇಕು. ಯಾಸಿನ್ ಅಬು ಬಕ್ರ್ ನೇತೃತ್ವದ ಜಮಾತ್ ಅಲ್ ಮುಸ್ಲಿಮೀನ್ ಗುಂಪಿನ ನೂರಕ್ಕೂ ಹೆಚ್ಚು ಬಂದೂಕುಧಾರಿಗಳು ಪೋರ್ಟ್ ಆಫ್ ಸ್ಪೇನ್‌ನಲ್ಲಿ ಸಂಸತ್ ಭವನವಾದ ರೆಡ್ ಹೌಸ್‌ಗೂ ಸರ್ಕಾರಿ ಟಿವಿ ಕೇಂದ್ರಕ್ಕೂ ನುಗ್ಗಿದರು. ಪ್ರಧಾನಿ ರಾಬಿನ್ಸನ್ ಒತ್ತೆಯಾಳಾದರು. ದಾಳಿ ನಿಲ್ಲಿಸಲು ಸೇನೆಗೆ ಹೇಳು ಎಂದು ಅವರ ಬಾಯಿಗೆ ಮೈಕ್ ಹಿಡಿದರೆ, ಅವರು ಪೂರ್ತಿ ಬಲ ಹಾಕಿ ದಾಳಿ ಮಾಡಿ ಎಂದು ಕೂಗಿಬಿಟ್ಟರು. ಅದಕ್ಕೆ ಸಿಕ್ಕ ಶಿಕ್ಷೆ ಕಾಲಿಗೆ ಗುಂಡು. ಅಧ್ಯಕ್ಷ ಹಸನಾಲಿ ಆಗ ದೇಶದಲ್ಲೇ ಇರಲಿಲ್ಲ. ಪ್ರಧಾನಿ ಬಂದಿ, ಅಧ್ಯಕ್ಷರು ಪರದೇಶದಲ್ಲಿ. ಹಂಗಾಮಿಯಾಗಿದ್ದವರು ಸೆನೆಟ್ ಸಭಾಪತಿ ಜೋಸೆಫ್ ಇಮ್ಯಾನ್ಯುಯೆಲ್ ಕಾರ್ಟರ್. ಬಂಡುಕೋರರು ಕೇಳಿದ ಕ್ಷಮಾದಾನ ಪತ್ರಕ್ಕೆ ಸಹಿ ಬಿದ್ದದ್ದು ಅವರದು.

ಆರನೇ ದಿನ ಬಂಡುಕೋರರು ಶರಣಾದರು. ಆದರೆ ಆ ಒಂದು ಸಹಿ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಸುತ್ತಿತು. ಸ್ಥಳೀಯ ನ್ಯಾಯಾಲಯ ಕ್ಷಮಾದಾನವನ್ನು ಎತ್ತಿಹಿಡಿಯಿತು, ಅವರೆಲ್ಲ 1992ರಲ್ಲಿ ಬಿಡುಗಡೆಯಾದರು. 1994ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ್ದೇ ಬೇರೆ: ಪತ್ರ ಸಿಕ್ಕ ಮೇಲೂ ಒತ್ತೆಯಾಳುಗಳನ್ನು ಹಿಡಿದಿಟ್ಟುಕೊಂಡು ಬೇಡಿಕೆ ಮುಂದಿಟ್ಟಿದ್ದರಿಂದ ಕ್ಷಮಾದಾನಕ್ಕೆ ಬೆಲೆಯಿಲ್ಲ, ಆದರೂ ಬಿಡುಗಡೆಯಾದವರನ್ನು ಮತ್ತೆ ಕಟಕಟೆಗೆ ಎಳೆಯುವುದು ಸರಿಯಲ್ಲ. ಸುಮಾರು ಎರಡು ಡಜನ್ ಜನ ಸತ್ತ ಆ ಬಂಡಾಯಕ್ಕಾಗಿ ಆ ಗುಂಪಿನ ಯಾರಿಗೂ ಶಿಕ್ಷೆಯಾಗಲಿಲ್ಲ. ಸೆನೆಟ್ ಸಭಾಪತಿ ಎಂದರೆ ಸಾಮಾನ್ಯವಾಗಿ ಆಳುವ ಪಕ್ಷದ ಸೆನೆಟರ್, ಜನ ಅವರನ್ನು ಅಧ್ಯಕ್ಷಗಿರಿಗೆಂದು ಅಳೆದು ತೂಗಿ ಆರಿಸಿರುವುದಿಲ್ಲ. ಈಗ ಆ ಜಾಗದಲ್ಲಿರುವ ವೇಡ್ ಮಾರ್ಕ್ ಯುಎನ್‌ಸಿಯ ಹಳೇ ಹುರಿಯಾಳು. ಕಾಂಗಲೂ ವಿಮಾನ ಹತ್ತಿದರೆ ಸಹಿ ಹಾಕುವ ಪೆನ್ನು ಅವರ ಕೈಗೆ. ಇದು ಕಾನೂನುಬದ್ಧ, ಆದರೆ ಅಲ್ಲಿನ ವಿರೋಧ ಪಕ್ಷಗಳು, ಯಾವುದೇ ಇರಲಿ, ಇದನ್ನು ಕಂಡು ಹಲ್ಲು ಕಡಿಯುತ್ತಲೇ ಬಂದಿವೆ.

ಆಯ್ಕೆಗೆ ಬರೋಣ. ಮತದಾರರು ಎರಡೂ ಸದನದ ಸದಸ್ಯರು ಮಾತ್ರ. ಕೆಳಮನೆಯ 41 ಜನ ಮತ್ತು ಹೊರಗಿನಿಂದ ಆರಿಸಿದ ಸ್ಪೀಕರ್, ಸೆನೆಟ್‌ನ 31 ಜನ, ಒಟ್ಟು 73. ಸೆನೆಟ್‌ನಲ್ಲಿ 16 ಮಂದಿ ಸರ್ಕಾರದ ಕಡೆಯವರು, 6 ವಿರೋಧ ಪಕ್ಷದವರು, ಉಳಿದ 9 ಮಂದಿ ಅಧ್ಯಕ್ಷರೇ ತಮ್ಮ ವಿವೇಚನೆಯಿಂದ ನೇಮಿಸುವ ಸ್ವತಂತ್ರರು. ನಮ್ಮಲ್ಲಿಯ ಹಾಗೆ ರಾಜ್ಯಗಳ ಶಾಸಕರ ಮತ, ಮತಮೌಲ್ಯದ ಲೆಕ್ಕ ಏನೂ ಇಲ್ಲ. ಅಭ್ಯರ್ಥಿಗೆ 35 ವರ್ಷ ತುಂಬಿರಬೇಕು, ಹಿಂದಿನ ಹತ್ತು ವರ್ಷ ದೇಶದಲ್ಲೇ ವಾಸವಿರಬೇಕು, ನಾಮಪತ್ರಕ್ಕೆ ಕೆಳಮನೆಯ ಹನ್ನೆರಡು ಸಹಿ ಬೇಕು. ಗುಪ್ತ ಮತದಾನದಲ್ಲಿ ಹೆಚ್ಚು ಮತ ಪಡೆದವರು ಐದು ವರ್ಷಕ್ಕೆ ಅಧ್ಯಕ್ಷರು. ಕೆಳಮನೆಯಲ್ಲಿ ಬಹುಮತವಿದ್ದ ಸರ್ಕಾರಕ್ಕೆ ಇದು ಗೆದ್ದಿಟ್ಟ ಆಟ. ಬಹಳ ಸಲ ಎದುರಾಳಿಯೇ ಇರುವುದಿಲ್ಲ, 2018ರಲ್ಲಿ ವೀಕ್ಸ್ ಅವಿರೋಧವಾಗಿ ಬಂದರು.

ನಿಮ್ಮ ವಾಟ್ಸ್ಆ್ಯಪ್ ಸಂದೇಶ ಮುಗ್ಗರಿಸುವುದು ಇಲ್ಲಿಯೇ. 2011ರ ಜನಗಣತಿಯಂತೆ ಭಾರತೀಯ ಮೂಲದವರು ಸುಮಾರು ಶೇ 35, ಆಫ್ರಿಕನ್ ಮೂಲದವರು ಶೇ 34. ಹೀಗೆ ಸಮಬಲವಿರುವ ಕಡೆ ಸರದಿಯ ಕತೆ ಹುಟ್ಟುವುದು ಸುಲಭ. ಆದರೆ ಅಂಥ ಒಪ್ಪಂದ ಸಂವಿಧಾನದಲ್ಲಿಲ್ಲ, ರೂಢಿಯಲ್ಲೂ ಇಲ್ಲ. ರಿಚರ್ಡ್ಸ್, ಕಾರ್ಮೋನಾ ಮಿಶ್ರ ಮೂಲದವರು, ಅವರನ್ನು ಯಾವ ಸರದಿಗೆ ಸೇರಿಸುವುದು? ಎಲ್ಲಕ್ಕಿಂತ ದೊಡ್ಡ ಪುರಾವೆ ಕಾಂಗಲೂ ಅವರೇ. ಭಾರತೀಯ ಮೂಲದ ಈ ಮಹಿಳೆಯನ್ನು 2023ರಲ್ಲಿ ನಿಲ್ಲಿಸಿದ್ದು ಆಫ್ರಿಕನ್ ಮೂಲದವರ ಬೆಂಬಲವೇ ಹೆಚ್ಚಿರುವ ಪಿಎನ್‌ಎಂ. ವಿರೋಧಿಸಿ ಹಿರಿಯ ವಕೀಲ ಇಸ್ರೇಲ್ ಖಾನ್ ಅವರನ್ನು ಕಣಕ್ಕಿಳಿಸಿದ್ದು ಭಾರತೀಯ ಮೂಲದವರು ಹೆಚ್ಚು ಮತ ಹಾಕುವ ಯುಎನ್‌ಸಿ. ಕಾಂಗಲೂ ಹಿಂದೆ ಪಿಎನ್‌ಎಂ ಸಚಿವೆಯಾಗಿದ್ದವರು, ಸೆನೆಟ್ ಸಭಾಪತಿಯಾಗಿದ್ದವರು, ಹೀಗಾಗಿ ನಿಷ್ಪಕ್ಷಪಾತಿಯಾಗಲಾರರು ಎಂಬುದು ಯುಎನ್‌ಸಿಯ ತಕರಾರು. ಮೂಲದ ಮಾತು ಅಲ್ಲಿ ಬರಲೇ ಇಲ್ಲ. 48 ಮತ ಕಾಂಗಲೂಗೆ, 22 ಖಾನ್‌ಗೆ. ಯುಎನ್‌ಸಿಯ ಬಲ ಕಾಗದದ ಮೇಲೆ 25 ಇತ್ತು.

ಹಾಗೆಂದು ಎಲ್ಲ ಸುಗಮ ಎನ್ನುತ್ತಿಲ್ಲ. ವ್ಯವಸ್ಥೆ ನಿಜಕ್ಕೂ ಕೆಟ್ಟು ನಿಂತದ್ದು ಒಂದು ಸಲ, ಅದನ್ನು ನೀವು ತಿಳಿದಿರಬೇಕು.

1995ರ ಚುನಾವಣೆಯಲ್ಲಿ ಪಿಎನ್‌ಎಂ 17, ಯುಎನ್‌ಸಿ 17, ಟೊಬ್ಯಾಗೊದ ಎರಡು ಸ್ಥಾನ ರಾಬಿನ್ಸನ್ ಅವರ ಎನ್‌ಎಆರ್ ಪಕ್ಷಕ್ಕೆ. ರಾಬಿನ್ಸನ್ ಯುಎನ್‌ಸಿಯ ಬಸದೇವ್ ಪಾಂಡೆ ಕಡೆ ವಾಲಿದರು. ಪಾಂಡೆ ಭಾರತೀಯ ಮೂಲದ ಮೊದಲ ಪ್ರಧಾನಿಯಾದರು. 1997ರಲ್ಲಿ ಅದೇ ಪಾಂಡೆ ಸರ್ಕಾರದ ಬೆಂಬಲದಿಂದ, ಕಾಲಿಗೆ ಗುಂಡು ತಿಂದ ಹಳೇ ಪ್ರಧಾನಿ ಅಧ್ಯಕ್ಷರಾದರು. ಆ ಹುದ್ದೆಗೆ ಪೈಪೋಟಿ ನಡೆದದ್ದೂ ಆಗಲೇ ಮೊದಲು. ಸ್ನೇಹ ಹೆಚ್ಚು ದಿನ ಬಾಳಲಿಲ್ಲ. ಚುನಾವಣೆಯಲ್ಲಿ ಸೋತ ತಮ್ಮವರನ್ನು ಸೆನೆಟ್ ಮೂಲಕ ಮಂತ್ರಿ ಮಾಡಲು ಪಾಂಡೆ ಹೊರಟರೆ ರಾಬಿನ್ಸನ್ ವಾರಗಟ್ಟಲೆ ಸಹಿ ಹಾಕಲಿಲ್ಲ.

ಆಮೇಲೆ 2001ರ ಡಿಸೆಂಬರ್ 10. ಫಲಿತಾಂಶ 18–18. ಪಾಂಡೆ, ಪಿಎನ್‌ಎಂನ ಪ್ಯಾಟ್ರಿಕ್ ಮ್ಯಾನಿಂಗ್ ಇಬ್ಬರೂ ಅಧ್ಯಕ್ಷರ ತೀರ್ಮಾನಕ್ಕೆ ಬದ್ಧ ಎಂದಿದ್ದರು. ರಾಬಿನ್ಸನ್ ಅಡಕತ್ತರಿಗೆ ಸಿಕ್ಕ ಅಡಿಕೆಯಾದರು. ಕ್ರಿಸ್‌ಮಸ್ ಹಿಂದಿನ ದಿನ ಅವರು ಆರಿಸಿದ್ದು ಮ್ಯಾನಿಂಗ್ ಅವರನ್ನು, ಕೊಟ್ಟ ಕಾರಣ ಸಂವಿಧಾನದ ಪೀಠಿಕೆಯಲ್ಲಿರುವ ನೈತಿಕ ಮತ್ತು ಆಧ್ಯಾತ್ಮಿಕ ಮೌಲ್ಯಗಳು. ಪಾಂಡೆ ಒಪ್ಪಲಿಲ್ಲ. ಅಧಿಕಾರದಲ್ಲಿದ್ದ ಪ್ರಧಾನಿ ಇರುವಾಗ, ಸಮಬಲವಿರುವಾಗ, ಪೀಠಿಕೆಯ ಒಂದು ಸಾಲನ್ನು ಹಿಡಿದು ಪ್ರಧಾನಿಯನ್ನು ಆರಿಸುವುದು ನನ್ನ ಮಟ್ಟಿಗೂ ಇಕ್ಕಟ್ಟಿನ ವಾದವೇ. ಆದರೆ ಸಂವಿಧಾನ ಅವರಿಗೆ ಬೇರೆ ಅಳತೆಗೋಲನ್ನೂ ಕೊಟ್ಟಿರಲಿಲ್ಲ.

ಮುಂದಿನದು ಇನ್ನೂ ವಿಚಿತ್ರ. 2002ರ ಏಪ್ರಿಲ್‌ನಲ್ಲಿ ಸದನ ಸೇರಿದರೆ ಸ್ಪೀಕರ್ ಆಯ್ಕೆಯಾಗಲಿಲ್ಲ. ಹೆಸರ ಮೇಲೆ ಹೆಸರು ಮುಂದಿಟ್ಟರೂ 18ಕ್ಕೆ 18. ಸ್ಪೀಕರ್ ಇಲ್ಲದೆ ಯಾವ ಕಲಾಪವೂ ಇಲ್ಲ. ಅಷ್ಟೇ ಅಲ್ಲ, ಅಧ್ಯಕ್ಷರನ್ನು ಚುನಾಯಿಸುವ ಸಭೆಯ ಕೋರಂನಲ್ಲಿ ಸ್ಪೀಕರ್ ಇರಲೇಬೇಕು, ಹತ್ತು ಸೆನೆಟರುಗಳು ಮತ್ತು ಕೆಳಮನೆಯ ಹನ್ನೆರಡು ಮಂದಿಯ ಜೊತೆಗೆ. ರಾಬಿನ್ಸನ್ ಅವರ ಐದು ವರ್ಷ 2002ರ ಮಾರ್ಚ್‌ಗೇ ಮುಗಿದಿತ್ತು, ಉತ್ತರಾಧಿಕಾರಿಯನ್ನು ಆರಿಸುವ ಸಭೆಯೇ ಸೇರುವಂತಿರಲಿಲ್ಲ. ಅವರೇ ಒಂದು ವರ್ಷ ಹೆಚ್ಚಿಗೆ ಕೂತರು. ಅಕ್ಟೋಬರ್ 7ರ ಮರುಚುನಾವಣೆಯಲ್ಲಿ ಪಿಎನ್‌ಎಂ 20 ಗೆದ್ದ ಮೇಲೆ ಗಂಟು ಬಿಚ್ಚಿತು. 2003ರ ಮಾರ್ಚ್ 17ರಂದು ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಎಂಜಿನಿಯರ್ ಮ್ಯಾಕ್ಸ್ ರಿಚರ್ಡ್ಸ್ ಅಧ್ಯಕ್ಷರಾದರು. ಕೆಳಮನೆಯ ಸ್ಥಾನಗಳನ್ನು ಆಮೇಲೆ 36ರಿಂದ 41ಕ್ಕೆ, ಬೆಸ ಸಂಖ್ಯೆಗೆ ಏರಿಸಿದರು. ರೋಗದ ಒಂದು ಬೇರಿಗೆ ಮದ್ದು ಬಿತ್ತು, ಸ್ಪೀಕರ್ ಇಲ್ಲದಿದ್ದರೆ ಅಧ್ಯಕ್ಷರೂ ಇಲ್ಲ ಎನ್ನುವ ಬೇರು ಹಾಗೇ ಇದೆ.

ಕಮಲಾ ಅವರು ಕಾಂಗಲೂ ಅವರನ್ನು ತೆಗೆಯಬಹುದೇ ಎಂದಿರಿ. ನೇರವಾಗಿ ಆಗದು. ಸಂವಿಧಾನದ ಉದ್ದೇಶಪೂರ್ವಕ ಉಲ್ಲಂಘನೆ, ಹುದ್ದೆಗೆ ಮಸಿ ಬಳಿಯುವ ನಡತೆ, ದೇಶದ ಭದ್ರತೆಗೆ ಅಪಾಯ ತರುವ ನಡತೆ, ದೈಹಿಕ ಅಥವಾ ಮಾನಸಿಕ ಅಸಾಮರ್ಥ್ಯ, ಇಷ್ಟೇ ಕಾರಣಗಳು. ಕೆಳಮನೆಯ ಮೂರನೇ ಒಂದು ಭಾಗ ಸಹಿ ಹಾಕಿದ ಗೊತ್ತುವಳಿಗೆ ಎರಡೂ ಸದನ ಕೂಡಿ ಮೂರನೇ ಎರಡರಷ್ಟು ಮತ ಬೀಳಬೇಕು. ಬಿದ್ದರೆ ಮುಖ್ಯ ನ್ಯಾಯಮೂರ್ತಿ ಮತ್ತು ನಾಲ್ವರು ನ್ಯಾಯಾಧೀಶರ ಪೀಠ ವಿಚಾರಿಸುತ್ತದೆ, ಅದರ ವರದಿ ಬಂದ ಮೇಲೆ ಮತ್ತೆ ಮೂರನೇ ಎರಡು. 73ರಲ್ಲಿ ಎಂದರೆ 49. 2025ರಲ್ಲಿ ಯುಎನ್‌ಸಿ ಗೆದ್ದದ್ದು 26, ಸೆನೆಟ್‌ನ 16 ಸೇರಿಸಿದರೆ 42. ಟೊಬ್ಯಾಗೊದ ಇಬ್ಬರು, ಸ್ಪೀಕರ್ ಎಲ್ಲ ಕೂಡಿದರೂ 45. ಮಿಕ್ಕ ನಾಲ್ಕು ಮತ ಕಾಂಗಲೂ ನೇಮಿಸಿದ ಸ್ವತಂತ್ರರಿಂದಲೋ ಅಥವಾ ಪಿಎನ್‌ಎಂ ಕಡೆಯಿಂದಲೋ ಬರಬೇಕು. ಈ ದಾರಿಯನ್ನು ಒಮ್ಮೆ ತುಳಿದದ್ದು ಕಮಲಾ ಅವರೇ, ವಿರೋಧ ಪಕ್ಷದ ನಾಯಕಿಯಾಗಿ. 2021ರಲ್ಲಿ ಪೊಲೀಸ್ ಕಮಿಷನರ್ ಹುದ್ದೆಯ ಆಯ್ಕೆಪಟ್ಟಿ ಅಧ್ಯಕ್ಷರ ಭವನಕ್ಕೆ ಬಂದು ಅದೇ ದಿನ ವಾಪಸಾಯಿತು, ಪೊಲೀಸ್ ಸೇವಾ ಆಯೋಗವೇ ಕುಸಿಯಿತು. ಆಗಿನ ಅಧ್ಯಕ್ಷೆ ವೀಕ್ಸ್ ವಿರುದ್ಧ ಗೊತ್ತುವಳಿ ಬಂತು. ಅಕ್ಟೋಬರ್ 21ರಂದು ಚರ್ಚೆಗೂ ಅವಕಾಶವಿಲ್ಲದೆ ಮತಕ್ಕೆ ಹಾಕಿದರು. ಪರ 24, ವಿರುದ್ಧ 47.

ಅಲ್ಲಿನವರು ಇದನ್ನೆಲ್ಲ ಬದಲಿಸಲು ಯೋಚಿಸಿಲ್ಲವೆಂದಲ್ಲ. ಒಂದು ದಾರಿ ಗಯಾನಾದ್ದು, ಅಧ್ಯಕ್ಷರೇ ಸರ್ಕಾರ ನಡೆಸುವುದು. 2006ರಲ್ಲಿ ಎಲ್ಲಿಸ್ ಕ್ಲಾರ್ಕ್ ಬರೆದ ಕರಡು, 2009ರಲ್ಲಿ ಮ್ಯಾನಿಂಗ್ ಸರ್ಕಾರದ ದಸ್ತಾವೇಜು ಎರಡೂ ಇದೇ ದಿಕ್ಕಿನವು. ಎರಡೂ ಕಪಾಟು ಸೇರಿದವು, ನನಗೇನೂ ಬೇಸರವಿಲ್ಲ. ಮೂಲ ನೋಡಿ ಮತ ಬೀಳುವ ಸಮಾಜದಲ್ಲಿ ಗೆದ್ದವರಿಗೇ ಎಲ್ಲ ಸಿಗುವಂತೆ ಮಾಡಿದರೆ ಎಣಿಕೆಯೇ ಕದನವಾಗುತ್ತದೆ. ಗಯಾನಾದಲ್ಲಿ 2020ರ ಮಾರ್ಚ್ 2ರ ಮತದಾನದ ಫಲಿತಾಂಶ ಘೋಷಣೆಯಾದದ್ದು ಆಗಸ್ಟ್ 2ಕ್ಕೆ. ಜನರೇ ಅಧ್ಯಕ್ಷರನ್ನು ಆರಿಸಲಿ ಎಂಬುದು ಇನ್ನೊಂದು ಮಾತು. ಕೇಳಲು ಚೆನ್ನ, ಆದರೆ ಜನಾದೇಶ ಹೊತ್ತ ಅಧ್ಯಕ್ಷರು ಪ್ರಧಾನಿ ಹೇಳಿದ ಕಡೆ ಸಹಿ ಹಾಕಿ ಸುಮ್ಮನಿರುತ್ತಾರೆಯೇ? ಮೂರನೆಯದು ಬಾರ್ಬಡೋಸ್ ಮಾದರಿ. ಪ್ರಧಾನಿ, ವಿರೋಧ ಪಕ್ಷದ ನಾಯಕ ಕೂಡಿ ಒಂದೇ ಹೆಸರು ಸೂಚಿಸಬೇಕು, ಒಮ್ಮತವಾಗದಿದ್ದರೆ ಮೂರನೇ ಎರಡು ಮತ. ನನ್ನ ಒಲವು ಈ ಕಡೆ, ಏಕೆಂದರೆ ಒಂಬತ್ತು ಸೆನೆಟರುಗಳನ್ನೂ ಮುಖ್ಯ ನ್ಯಾಯಮೂರ್ತಿಯನ್ನೂ ನೇಮಿಸುವವರು ಒಂದೇ ಪಕ್ಷದ ಕೂಸಾಗಿರಬಾರದು. ಅಪಾಯವೂ ಸ್ಪಷ್ಟ: ಎರಡೇ ಪಕ್ಷಗಳ ದೇಶದಲ್ಲಿ ಅದು 2002ರ ಬಿಕ್ಕಟ್ಟನ್ನು ಮತ್ತೆ ಕರೆತರಬಹುದು. ಇದ್ದದ್ದು ಇದ್ದಂತೆ ಇರಲಿ ಎಂದರೆ ಸರ್ಕಾರ ಬಯಸಿದವರೇ ಅಧ್ಯಕ್ಷರು, ಅದು ಎಲ್ಲರಿಗೂ ಅಭ್ಯಾಸವಾಗಿದೆ.

ಇನ್ನು ನಿಮ್ಮ ಮಗ. ಕಾಂಗಲೂ ಅಧಿಕಾರ ವಹಿಸಿಕೊಂಡದ್ದು 2023ರ ಮಾರ್ಚ್ 20ಕ್ಕೆ, ಅವಧಿ 2028ರ ಮಾರ್ಚ್‌ವರೆಗೆ. ಅವಧಿ ಮುಗಿಯುವ 60ರಿಂದ 30 ದಿನ ಮುಂಚೆ ಆಯ್ಕೆ ನಡೆಯಬೇಕು, ಅಂದರೆ 2028ರ ಜನವರಿ 20ರ ಆಸುಪಾಸಿನಿಂದ ಫೆಬ್ರುವರಿ 20ರ ಆಸುಪಾಸಿನೊಳಗೆ. ಈಗಿನ ಬಲಾಬಲ ಉಳಿದರೆ ಯುಎನ್‌ಸಿ ಸೂಚಿಸಿದವರು ಗೆಲ್ಲುತ್ತಾರೆ, ಪಿಎನ್‌ಎಂ ಗೊಣಗುತ್ತದೆ, ಅಂದು ಪೋರ್ಟ್ ಆಫ್ ಸ್ಪೇನ್‌ನಲ್ಲಿ ಅಂಗಡಿಗಳು ತೆರೆದೇ ಇರುತ್ತವೆ. ಆ ದಿನಾಂಕ ನೋಡಿ ಕೆಲಸ ಬಿಡುವುದು, ಮೊಮ್ಮಗಳ ಶಾಲೆ ಬದಲಿಸುವುದು ನನಗೆ ಸರಿ ಕಾಣದು. ಕೆಲಸದ ಪರವಾನಗಿ ಕೊಡುವುದು ಮಂತ್ರಿಯ ಇಲಾಖೆ, ಅಧ್ಯಕ್ಷರ ಭವನವಲ್ಲ.

ಅವರು ಎಚ್ಚರವಾಗಿರಬೇಕಾದದ್ದು ಬೀದಿಯ ಅಪರಾಧದ ಬಗ್ಗೆ. ಪೋರ್ಟ್ ಆಫ್ ಸ್ಪೇನ್‌ನ ಭಾರತೀಯ ಹೈಕಮಿಷನ್‌ನಲ್ಲಿ ಹೆಸರು ನೋಂದಾಯಿಸಿರಲಿ. ತುರ್ತು ಪರಿಸ್ಥಿತಿ ಘೋಷಣೆಯಾದರೆ ಅದರ ಜೊತೆ ಬರುವ ನಿಯಮಾವಳಿಯನ್ನು ಕಂಪನಿಯ ಎಚ್‌ಆರ್‌ನಿಂದ ಪಡೆದು ಓದಿಕೊಳ್ಳಲಿ: ಕರ್ಫ್ಯೂ ಇದೆಯೇ, ರಾತ್ರಿ ಪಾಳಿಗೆ ಹೋಗುವವರಿಗೆ ಪಾಸ್ ಬೇಕೇ, ಗುರುತಿನ ಚೀಟಿ ಯಾವುದು ನಡೆಯುತ್ತದೆ. ಪಾಸ್‌ಪೋರ್ಟ್ ಮತ್ತು ಪರವಾನಗಿಯ ಪ್ರತಿ ನಿಮ್ಮ ಬಳಿಯೂ ಒಂದಿರಲಿ. ಮುಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಯಾರಿಗೂ ಸ್ಪಷ್ಟ ಬಹುಮತ ಬರದೆ, ಸದನ ಸೇರಿದ ದಿನ ಸ್ಪೀಕರ್ ಆಯ್ಕೆಯಾಗಲಿಲ್ಲ ಎಂಬ ಸುದ್ದಿ ಬಂದರೆ ಮಾತ್ರ ನನಗೆ ಇನ್ನೊಂದು ಪತ್ರ ಬರೆಯಿರಿ.